ಬಣ್ಣಕ್ಕೂ ಮೊದಲಿನ ಬೆವರು

ಕಿಟ್ ತರಿಸಿ ಮನೆಯಲ್ಲೇ ವಿಮಾನ ಕಟ್ಟುವವರಿಗೆ ಒಂದು ಕಂತಿನ ಭಾಗಗಳಿಗೆ ಪ್ರೈಮರ್ (ಬಣ್ಣದ ಕೆಳಗಿನ ರಕ್ಷಣಾ ಪದರ) ಹೊಡೆಯುವುದು ಸ್ವಲ್ಪ ಹೊತ್ತಿನ ಕೆಲಸ. ಆ ಪ್ರೈಮರ್ ಕಚ್ಚಿ ನಿಲ್ಲುವಂತೆ ಲೋಹವನ್ನು ಸಿದ್ಧಪಡಿಸುವುದಕ್ಕೆ ವಾರಾಂತ್ಯಗಳೇ ಹೋಗುತ್ತವೆ. ಬರ್ (ಕೊರೆದ ಅಂಚಿನಲ್ಲಿ ಏಳುವ ಲೋಹದ ಮುಳ್ಳು), ಗೀರು, ಜಿಡ್ಡು, ತೇವ ಎಲ್ಲವನ್ನೂ ಒಂದೊಂದಾಗಿ ಕಳೆಯುತ್ತ ಹೋಗುವ ಈ ಕೆಲಸದ ಒಳಹೊರಗು ಇಲ್ಲಿದೆ.

2023ರ ಡಿಸೆಂಬರ್ 4ರಂದು, ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸಿಗಳೆಲ್ಲ ತಲೆ ಮೇಲೆ ಕೈಹೊತ್ತು ಕೂರುವಂಥ ಸುದ್ದಿಯೊಂದು ಬಂತು. ಅಮೆರಿಕದ ಆರೆಗಾನ್ ರಾಜ್ಯದ ಅರೋರಾ ಎಂಬ ಪುಟ್ಟ ಊರಿನ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ದಿವಾಳಿ ಕಾಯ್ದೆಯ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಗಿತ್ತು. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬ ಎಂಜಿನಿಯರ್ 1970ರ ದಶಕದ ಆರಂಭದಲ್ಲಿ ಸ್ಥಾಪಿಸಿದ ಕಂಪನಿ ಅದು. ಅದರ ‘ಆರ್‌ವಿ’ ಸರಣಿಯ ಕಿಟ್‌ಗಳಿಂದ ಜನ ತಮ್ಮ ಕೈಯಾರೆ ಕಟ್ಟಿ ಹಾರಿಸಿದ ವಿಮಾನಗಳು 11,000ಕ್ಕೂ ಹೆಚ್ಚು. ಇಂಥ ಕಂಪನಿ ಮುಗ್ಗರಿಸಿದ್ದಕ್ಕೆ ಹಲವು ಕಾರಣಗಳಿದ್ದವು. ಕೋವಿಡ್ ಕಾಲದಲ್ಲಿ ಸಾಗಣೆ ವೆಚ್ಚ ಗಗನಕ್ಕೇರಿತ್ತು. ಲೇಸರ್‌ನಿಂದ ಕತ್ತರಿಸಿದ ರಂಧ್ರಗಳ ಅಂಚಿನಲ್ಲಿ ಬಿರುಕು ಕಾಣಿಸಿಕೊಂಡಿತ್ತು. ಅರ್ಧ ಕಟ್ಟಿಯೇ ಕಳಿಸುವ ‘ಕ್ವಿಕ್ ಬಿಲ್ಡ್’ ಕಿಟ್‌ಗಳ ಪ್ರೈಮರ್ ದೋಷಪೂರಿತವಾಗಿತ್ತು. ನ್ಯಾಯಾಲಯದ ಪ್ರಕ್ರಿಯೆ ಮುಗಿಸಿಕೊಂಡು 2024ರಲ್ಲಿ ಕಂಪನಿ ಚೇತರಿಸಿಕೊಂಡಿತು.

ಆಗ ಹೆಚ್ಚು ಸದ್ದು ಮಾಡಿದ್ದು ಲೇಸರ್ ಬಿರುಕಿನ ವಿಷಯ. ಪ್ರೈಮರ್ ವಿಷಯ ಅದರ ನೆರಳಿನಲ್ಲೇ ಉಳಿಯಿತು. ಆದರೆ ಎರಡೂ ಹೇಳುವುದು ಒಂದೇ ಮಾತನ್ನು: ವಿಮಾನದ ತಗಡಿನ ಬಲ ಅದರ ಒಡಲಿನಲ್ಲಿದ್ದರೂ ಕಾಯಿಲೆ ಶುರುವಾಗುವುದು ಮೇಲ್ಮೈಯಲ್ಲಿ ಮತ್ತು ಅಂಚಿನಲ್ಲಿ. ಪ್ರೈಮರ್ ಹೊಡೆಯುವ ಮುನ್ನ ಕಿಟ್ ಕಟ್ಟುವವರು ಮಾಡುವ ಕೆಲಸವೆಲ್ಲ ಈ ಎರಡು ಜಾಗಗಳ ಆರೈಕೆಯೇ.

ಬಲ ಕೊಟ್ಟ ತಾಮ್ರವೇ ಶತ್ರು

ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗೆ ತುಕ್ಕು ಹಿಡಿಯದಿರುವಾಗ ವಿಮಾನದ ಅಲ್ಯೂಮಿನಿಯಂಗೆ ಯಾಕಿಷ್ಟು ಉಪಚಾರ? ಉತ್ತರ ಅದಕ್ಕೆ ಬೆರೆಸುವ ತಾಮ್ರದಲ್ಲಿದೆ.

ಶುದ್ಧ ಅಲ್ಯೂಮಿನಿಯಂ ಮೆದು. ಗಾಳಿ ತಾಗಿದ ಕ್ಷಣವೇ ಅದರ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಮೂಡುತ್ತದೆ. ಲೋಹವನ್ನು ಕಾಯುವುದು ಆ ಪದರವೇ. 1906ರಲ್ಲಿ ಜರ್ಮನಿಯ ಲೋಹವಿಜ್ಞಾನಿ ಆಲ್ಫ್ರೆಡ್ ವಿಲ್ಮ್ ತಾಮ್ರ ಮತ್ತು ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಅನ್ನು ಕಾಯಿಸಿ, ದಿಢೀರನೆ ತಣಿಸಿ, ಕೆಲವು ದಿನ ಸುಮ್ಮನೆ ಬಿಟ್ಟರೆ ಅದು ತಾನಾಗಿಯೇ ಗಟ್ಟಿಯಾಗುತ್ತದೆ ಎಂದು ಕಂಡುಕೊಂಡ. ಡ್ಯುರಾಲುಮಿನ್ ಹುಟ್ಟಿದ್ದು ಹಾಗೆ. ಲೋಹದ ವಿಮಾನಗಳ ಯುಗ ತೆರೆದದ್ದೂ ಅದರಿಂದಲೇ. ಇಂದು ಕಿಟ್ ವಿಮಾನಗಳ ಹೊದಿಕೆಗೆ ಬಳಸುವ 2024-ಟಿ3 ಮಿಶ್ರಲೋಹ ಅದೇ ವಂಶದ ಕುಡಿ. 1930ರ ದಶಕದ ಆರಂಭದಲ್ಲಿ ಅಮೆರಿಕದ ಅಲ್ಕೋವಾ ಕಂಪನಿ ಅದನ್ನು ಬಳಕೆಗೆ ತಂದಿತು.

2024 ಮಿಶ್ರಲೋಹದಲ್ಲಿ ತಾಮ್ರದ ಪ್ರಮಾಣ ಶೇ 4ಕ್ಕಿಂತ ತುಸು ಹೆಚ್ಚು. ಬಲ ಬರುವುದು ಅದರಿಂದ. ಆದರೆ ತಾಮ್ರ ಹೆಚ್ಚಿರುವ ಸೂಕ್ಷ್ಮ ಕಣಗಳು ಲೋಹದ ತುಂಬ ಹರಡಿಕೊಂಡಿರುತ್ತವೆ. ಉಪ್ಪಿನಂಶದ ತೇವ ಸೇರಿದರೆ ಪ್ರತಿ ಕಣವೂ ತನ್ನ ಸುತ್ತಲಿನ ಅಲ್ಯೂಮಿನಿಯಂ ಜೊತೆ ಸೇರಿ ಒಂದೊಂದು ಪುಟ್ಟ ವಿದ್ಯುತ್ ಕೋಶವಾಗುತ್ತದೆ. ಆ ಕೋಶದಲ್ಲಿ ಕರಗುವ ಪಾಳಿ ಅಲ್ಯೂಮಿನಿಯಂನದು. ಬಿಳಿ ಪುಡಿ, ಸೂಜಿಮೊನೆಯಂಥ ಕುಳಿ, ಬಣ್ಣದ ಅಡಿಯಲ್ಲಿ ಎಳೆಯೆಳೆಯಾಗಿ ಹರಿಯುವ ಸವಕಳಿ ಎಲ್ಲ ಇದರ ರೂಪಗಳೇ.

ಇದಕ್ಕೆ 1920ರ ದಶಕದಲ್ಲೇ ಒಂದು ಜಾಣ ಪರಿಹಾರ ಸಿಕ್ಕಿತು. ಬಲವಾದ ಮಿಶ್ರಲೋಹದ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರವನ್ನು ಬಿಸಿ ರೋಲರ್‌ನಲ್ಲಿ ಒತ್ತಿ ಬೆಸೆಯುವುದು. ಅದೇ ‘ಆಲ್‌ಕ್ಲಾಡ್’. ಹೊರಪದರ ಸುಲಭಕ್ಕೆ ಸವೆಯುವುದಿಲ್ಲ. ಗೀರು ಬಿದ್ದು ಒಳಗಿನ ಲೋಹ ಬಯಲಾದರೂ ಆ ಜಾಗದ ಸುತ್ತಲಿನ ಶುದ್ಧ ಅಲ್ಯೂಮಿನಿಯಂ ತಾನು ಮೊದಲು ಕರಗಿ ಒಳಗಿನದನ್ನು ಉಳಿಸುತ್ತದೆ.

ಈ ಕವಚ ಎಷ್ಟು ತೆಳು ಎನ್ನುವುದು ಗೊತ್ತಿದ್ದರೆ ಮುಂದಿನ ಕೆಲಸವೆಲ್ಲ ಅರ್ಥವಾಗುತ್ತದೆ. ತೆಳು ತಗಡುಗಳಲ್ಲಿ ಪ್ರತಿ ಬದಿಯ ಕವಚ ಒಟ್ಟು ದಪ್ಪದ ಸುಮಾರು ಶೇ 5. ಕಿಟ್ ವಿಮಾನದಲ್ಲಿ ಧಾರಾಳವಾಗಿ ಬಳಕೆಯಾಗುವ 0.025 ಇಂಚಿನ ತಗಡಿನ ದಪ್ಪ 0.6 ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಅಂದರೆ ಕವಚ ಸುಮಾರು 32 ಮೈಕ್ರಾನ್, ತಲೆಗೂದಲಿನ ಅರ್ಧ ದಪ್ಪ! ಒರಟು ಎಮರಿ ಪೇಪರ್ ಹಿಡಿದು ಉತ್ಸಾಹದಿಂದ ನಾಲ್ಕು ಸಲ ಉಜ್ಜಿದರೆ ಅದು ಹೋದಂತೆಯೇ. ಇನ್ನು ಕತ್ತರಿಸಿದ ಅಂಚು, ಕೊರೆದ ರಂಧ್ರಗಳ ಒಳಗೋಡೆಗಳಿಗೆ ಕವಚವೇ ಇರುವುದಿಲ್ಲ. ಬಲವರ್ಧನೆಗೆ ಹಾಕುವ ಆ್ಯಂಗಲ್, ಪಟ್ಟಿಗಳು ಸಾಮಾನ್ಯವಾಗಿ 6061-ಟಿ6 ಲೋಹದವು. ಅದಕ್ಕೆ ಕವಚವಿಲ್ಲ. ತಾಮ್ರ ಕಡಿಮೆಯಿರುವುದರಿಂದ 2024 ಮಿಶ್ರಲೋಹಕ್ಕಿಂತ ಚೆನ್ನಾಗಿ ತಾಳುತ್ತದೆ, ಅಷ್ಟೆ.

ಹೊಡೆಯಲೇಬೇಕೇ?

ಕಿಟ್ ಕಟ್ಟುವವರ ನಡುವೆ ತಲೆಮಾರುಗಳಿಂದ ನಡೆದಿರುವ ಜಗಳ ಇದು. ಹಳೆಯ ಸೆಸ್ನಾ ವಿಮಾನಗಳಲ್ಲಿ ಬಹುಪಾಲು ಒಳಭಾಗಕ್ಕೆ ಪ್ರೈಮರ್ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಂದವು. ನೀರಿನ ಮೇಲೆ ಇಳಿಯುವ ವಿಮಾನ ಬೇಕೆಂದವರಿಗೆ ಒಳಗಿನ ರಕ್ಷಣೆಯನ್ನು ಪ್ರತ್ಯೇಕವಾಗಿ ಕೊಡಲಾಗುತ್ತಿತ್ತು. ಒಣಹವೆಯಲ್ಲಿ, ಹ್ಯಾಂಗರಿನ ನೆರಳಿನಲ್ಲಿ ನಿಂತ ಎಷ್ಟೋ ವಿಮಾನಗಳು ಅರ್ಧ ಶತಮಾನದ ನಂತರವೂ ಆರೋಗ್ಯವಾಗಿವೆ. ಕಡಲ ಗಾಳಿ ಕುಡಿದವು ಹಾಗೆ ಉಳಿದಿಲ್ಲ.

ಪ್ರೈಮರ್ ಹೊಡೆದರೆ ತೂಕ ಕೆಲವು ಕಿಲೋ ಏರುತ್ತದೆ. ಖರ್ಚು, ಸಮಯ ಎರಡೂ ಹೆಚ್ಚು. ಹೀಗಾಗಿ ಕಟ್ಟುವವರು ಮಧ್ಯದ ದಾರಿಯನ್ನೂ ಹಿಡಿಯುತ್ತಾರೆ: ಎರಡು ತಗಡು ಒಂದರ ಮೇಲೊಂದು ಕೂರುವ ಜಾಗ, ಕವಚವಿಲ್ಲದ ಭಾಗ, ಉಕ್ಕು ಮತ್ತು ಅಲ್ಯೂಮಿನಿಯಂ ಸಂಧಿಸುವ ಕಡೆ, ನೀರು ನಿಲ್ಲಬಹುದಾದ ತಳ – ಇಷ್ಟಕ್ಕೆ ಮಾತ್ರ ಹೊಡೆಯುವುದು. ಹೊಡೆಯಬಾರದ ಜಾಗವೂ ಉಂಟು. ರೆಕ್ಕೆಯೊಳಗಿನ ಇಂಧನ ಟ್ಯಾಂಕಿನ ಒಳಮೈಗೆ ಪ್ರೈಮರ್ ಹಾಕುವುದಿಲ್ಲ. ಅಲ್ಲಿ ಪೆಟ್ರೋಲು ಸೋರದಂತೆ ಮೆತ್ತುವ ಸೀಲೆಂಟ್ ನೇರವಾಗಿ ಶುಚಿಯಾದ ಲೋಹವನ್ನೇ ಹಿಡಿಯಬೇಕು. ಹೊರಮೈಯ ಸರದಿ ವಿಮಾನ ಪೂರ್ತಿಯಾಗಿ ಬಣ್ಣಕ್ಕೆ ಹೋಗುವಾಗ.

ಈ ಜಗಳದಲ್ಲಿ ಯಾವ ಪಕ್ಷ ಹಿಡಿದರೂ ಒಂದು ವಿಷಯ ಬದಲಾಗುವುದಿಲ್ಲ. ಹೊಡೆಯುವುದೆಂದು ತೀರ್ಮಾನಿಸಿದ ಮೇಲೆ ಯಾವ ಡಬ್ಬಿ ತಂದಿರಿ ಎನ್ನುವುದಕ್ಕಿಂತ ಅದರಡಿಯ ಲೋಹವನ್ನು ಹೇಗೆ ಬಿಟ್ಟಿರಿ ಎನ್ನುವುದೇ ಮುಖ್ಯ.

ಜೋಡಿಸು, ಕೊರೆ, ಬಿಚ್ಚು

ಅಮೆರಿಕದ ನಿಯಮದ ಪ್ರಕಾರ ಹವ್ಯಾಸಿ ವಿಮಾನದ ಬಹುಪಾಲನ್ನು ಕಟ್ಟುವವರೇ, ಕಲಿಕೆಗಾಗಿ ಇಲ್ಲವೇ ಖುಷಿಗಾಗಿ, ಕಟ್ಟಿರಬೇಕು. ‘51 ಪರ್ಸೆಂಟ್ ರೂಲ್’ ಎಂದೇ ಅದು ಹೆಸರಾಗಿದೆ. ಹಾಗಾಗಿ ಕಿಟ್ ಬರುವುದು ಬಿಡಿಬಿಡಿಯಾಗಿ, ಕಂತುಗಳಲ್ಲಿ. ಹೆಚ್ಚಿನವರು ಬಾಲದ ಭಾಗದಿಂದ ಶುರುಮಾಡುತ್ತಾರೆ. ಪೆಟ್ಟಿಗೆ ಬಿಚ್ಚಿದರೆ ಉದ್ದನೆಯ ತೊಲೆಗಳಾದ ಸ್ಪಾರ್‌ಗಳು, ಅಂಚು ಮಡಚಿದ ಅಡ್ಡಪಟ್ಟಿಗಳಾದ ರಿಬ್‌ಗಳು, ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹೊದಿಕೆ ತಗಡುಗಳು.

ಆ ನೀಲಿ ಹಾಳೆ ಗೀರು ಬೀಳದಂತೆ ಕಾಯುತ್ತದೆ ನಿಜ. ಆದರೆ ವರ್ಷಗಟ್ಟಲೆ ಬಿಟ್ಟರೆ ಅಂಟು ಗಟ್ಟಿಯಾಗಿ ಕೀಳಲು ಹರಸಾಹಸ ಬೇಕಾಗುತ್ತದೆ. ಅಡಿಯಲ್ಲಿ ತೇವ ಸಿಕ್ಕಿಹಾಕಿಕೊಂಡರೆ ಕಾಯುವ ಹಾಳೆಯೇ ಕೇಡು ತರುತ್ತದೆ. ಕೆಲವರು ಒಳಬದಿಯದನ್ನು ಪೂರ್ತಿ ಕಿತ್ತು, ಹೊರಬದಿಯಲ್ಲಿ ರಿವೆಟ್ ಸಾಲಿನ ಉದ್ದಕ್ಕೆ ಮಾತ್ರ ಪಟ್ಟಿ ತೆಗೆಯುತ್ತಾರೆ. ಅದಕ್ಕೆ ಚಾಕು ಆಡಿಸುವಂತಿಲ್ಲ, ತಗಡಿಗೆ ಗೀರು ಬೀಳುತ್ತದೆ. ಮೊನೆ ಉರುಟು ಮಾಡಿದ ಸೋಲ್ಡರಿಂಗ್ ಐರನ್ನಿನಿಂದ ಪ್ಲಾಸ್ಟಿಕ್ಕನ್ನಷ್ಟೇ ಕರಗಿಸಿ ಸುಲಿಯುವುದು ರೂಢಿ.

ಬಳಿಕ ಭಾಗಗಳನ್ನು ‘ಕ್ಲೆಕೋ’ ಎಂಬ ಸ್ಪ್ರಿಂಗ್ ಪಿನ್ನುಗಳಿಂದ ತಾತ್ಕಾಲಿಕವಾಗಿ ಜೋಡಿಸಿ, ರಂಧ್ರಗಳನ್ನು ಅಂತಿಮ ಅಳತೆಗೆ ಕೊರೆಯುತ್ತಾರೆ. ನೋಡಿದವರಿಗೆ ರಿವೆಟ್ ಹೊಡೆಯುವುದೊಂದೇ ಬಾಕಿ ಅನ್ನಿಸುತ್ತದೆ. ಆದರೆ ಆಗ ಮತ್ತೆ ಎಲ್ಲವನ್ನೂ ಬಿಚ್ಚಬೇಕು. ಕೊರೆಯುವಾಗ ಎದ್ದ ಲೋಹದ ಚೂರುಗಳು ಎರಡು ತಗಡಿನ ನಡುವೆ ನುಗ್ಗಿರುತ್ತವೆ. ರಂಧ್ರದ ಅಂಚಿನಲ್ಲಿ ಚೂಪಾದ ಬರ್ ಎದ್ದಿರುತ್ತದೆ. ಅವೆರಡೂ ಇರುವವರೆಗೆ ತಗಡುಗಳು ಒಂದಕ್ಕೊಂದು ಅಂಟಿಕೊಂಡು ಕೂರುವುದಿಲ್ಲ. ಆ ಸಂದಿಯಲ್ಲಿ ರಿವೆಟ್ ಉಬ್ಬಿಕೊಂಡರೆ ಜೋಡಣೆಯೇ ಕೆಟ್ಟಂತೆ.

ಬಿಚ್ಚುವಾಗ ಇನ್ನೊಂದು ಎಚ್ಚರ. ಎಡ, ಬಲ ರಿಬ್‌ಗಳು ನೋಡಲು ಒಂದೇ ಥರ. ಭಾಗದ ಸಂಖ್ಯೆ, ದಿಕ್ಕು ಬರೆದಿಡಬೇಕು. ಲೋಹದ ಮೇಲೆ ಮೊನೆಯಿಂದ ಕೆತ್ತುವಂತಿಲ್ಲ. ಕೆತ್ತಿದ ಗೆರೆಯೇ ಮುಂದೆ ಬಿರುಕಾಗಬಹುದು. ಪೆನ್ಸಿಲ್ ಇನ್ನೂ ಅಪಾಯ. ಅದರೊಳಗಿನ ಗ್ರಾಫೈಟ್ ಅಲ್ಯೂಮಿನಿಯಂ ಜೊತೆ ಸೇರಿದರೆ ತಾಮ್ರದ ಕಣದಂತೆಯೇ ವರ್ತಿಸಿ ಲೋಹವನ್ನು ತಿನ್ನುತ್ತದೆ. ಮಾರ್ಕರ್ ಪೆನ್ ಬಳಸಬಹುದು. ಆದರೆ ಅದರ ಶಾಯಿಯನ್ನು ಆಲ್ಕೊಹಾಲಿನಿಂದ ಒರೆಸಿ ತೆಗೆಯದಿದ್ದರೆ ಪ್ರೈಮರ್ ಮೇಲೂ ಮಸಿಯಂತೆ ಮೂಡಿ ನಿಲ್ಲುತ್ತದೆ. ಹಾಗಾಗಿ ಒರೆಸುವ ಮುನ್ನ ಟ್ಯಾಗ್ ಕಟ್ಟಿ, ಪ್ರೈಮರ್ ಒಣಗಿದ ಮೇಲೆ ಸಂಖ್ಯೆಯನ್ನು ಮತ್ತೆ ಬರೆಯುವುದು ಕ್ರಮ.

ಬರ್ ತೆಗೆಯುವ ಹದ

ಬೆಂಗಳೂರಿನ ಪೀಣ್ಯದ ಯಾವ ವರ್ಕ್‌ಶಾಪಿಗೆ ಹೋದರೂ ‘ಬರ್ ತೆಗೆದಾಯ್ತಾ?’ ಎಂಬ ಪ್ರಶ್ನೆ ಕಿವಿಗೆ ಬೀಳುತ್ತದೆ. ಇದೇ ನಗರದ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ಅದು ಪೂರ್ತಿ ಲೋಹದ ವಿಮಾನ. ತಗಡು ಕತ್ತರಿಸಿ, ಕೊರೆದು, ಬರ್ ತೆಗೆಯುವ ವಿದ್ಯೆ ಈ ನಗರಕ್ಕೆ ಅಂದಿನಿಂದಲೂ ಗೊತ್ತು. ಕಾರ್ಖಾನೆಯಲ್ಲಿ ಹಲವು ಕೈಗಳಿಗೆ ಹಂಚಿಹೋಗುವ ಆ ಕೆಲಸ ಕಿಟ್ ಕಟ್ಟುವವರ ಪಾಲಿಗೆ ಒಂದೇ ಜೋಡಿ ಕೈಗೆ ಬೀಳುತ್ತದೆ. ಒಂದು ವಿಮಾನಕ್ಕೆ ಸಾವಿರಾರು ರಿವೆಟ್. ಪ್ರತಿ ರಂಧ್ರವನ್ನೂ ಪ್ರತಿ ತಗಡಿನಲ್ಲೂ, ಎರಡೂ ಬದಿಯಿಂದಲೂ ಮುಟ್ಟಿ ಬರಬೇಕು.

ಕೈಯಲ್ಲಿ ತಿರುಗಿಸುವ ಒಂದು ಸಣ್ಣ ಬಿಟ್ಟನ್ನು ರಂಧ್ರದ ಮೇಲಿಟ್ಟು, ಹೆಚ್ಚು ಒತ್ತದೆ, ಎರಡು ಮೂರು ಸುತ್ತು ತಿರುವಿದರೆ ಸಾಕು. ಉಗುರು ಆಡಿಸಿದರೆ ತಡೆಯಬಾರದು, ಅಷ್ಟೇ ಗುರಿ. ಇನ್ನೂ ನಾಲ್ಕು ಸುತ್ತು ತಿರುವಿದರೆ 0.6 ಮಿಲಿಮೀಟರ್ ತಗಡಿನಲ್ಲಿ ಅಂಚು ಇಳಿಜಾರಾಗಿ, ಕತ್ತಿಯಲಗಿನಷ್ಟು ತೆಳುವಾಗಿಬಿಡುತ್ತದೆ. ಬರ್ ತೆಗೆಯದಿದ್ದರೂ ಕೇಡು, ಅತಿಯಾಗಿ ತೆಗೆದರೂ ಕೇಡು.

ರಿಬ್‌ನ ಹೊರ ಅಂಚು, ಹಗುರ ಮಾಡಲೆಂದು ಕೊರೆದ ದೊಡ್ಡ ತೂತುಗಳ ಬಾಯಿ, ಮಡಿಕೆಯ ಮೂಲೆಯಲ್ಲಿನ ಕಚ್ಚುಗಳು – ಇವಕ್ಕೆ ಅರ, ಸ್ಕಾಚ್-ಬ್ರೈಟ್ ಗಾಲಿ, ಕೊನೆಗೆ ಬೆರಳಿಗೆ ಸುತ್ತಿಕೊಂಡ ಎಮರಿ ಪೇಪರ್. ಅಂಚಿನಲ್ಲಿ ಅಡ್ಡವಾಗಿ ಉಳಿದ ಒಂದು ಗೀಚು ಹಾರಾಟದ ನಡುಕಕ್ಕೆ ನಿಧಾನವಾಗಿ ಬಿರುಕಾಗಿ ಬೆಳೆಯಬಲ್ಲದು. ಅದಕ್ಕೇ ಅಂಚನ್ನು ಉದ್ದುದ್ದಕ್ಕೆ ಉಜ್ಜಿ ನುಣುಪು ಮಾಡುತ್ತಾರೆ.

ಇದು ಬರೀ ಬಿರುಕಿನ ಲೆಕ್ಕವಲ್ಲ, ಪ್ರೈಮರ್‌ನ ಲೆಕ್ಕವೂ ಹೌದು. ಹಸಿ ಬಣ್ಣ ಚೂಪಾದ ಅಂಚಿನ ಮೇಲೆ ನಿಲ್ಲುವುದಿಲ್ಲ. ಮೇಲ್ಮೈ ಎಳೆತದಿಂದಾಗಿ ಅದು ಎರಡೂ ಬದಿಗೆ ಸರಿದುಕೊಂಡು ಅಂಚಿನ ತುದಿಯಲ್ಲಿ ಅತಿ ತೆಳುವಾಗುತ್ತದೆ. ಆಲ್‌ಕ್ಲಾಡ್ ಕವಚ ಇಲ್ಲದಿರುವುದು ಅಂಚಿನಲ್ಲೇ, ಪ್ರೈಮರ್ ತೆಳುವಾಗುವುದೂ ಅಲ್ಲೇ. ತುಸು ಉರುಟು ಮಾಡಿದ ಅಂಚಿನಲ್ಲಿ ಬಣ್ಣ ಸಮನಾಗಿ ಕೂರುತ್ತದೆ.

ಚಪ್ಪಟೆ ತಲೆಯ ರಿವೆಟ್ ಕೂರುವ ಕಡೆ ತಗಡಿನ ರಂಧ್ರವನ್ನು ಗಂಡು ಹೆಣ್ಣು ಅಚ್ಚುಗಳ ನಡುವೆ ಒತ್ತಿ ‘ಡಿಂಪಲ್’ ಮಾಡುವುದೂ ಸಾಮಾನ್ಯವಾಗಿ ಈ ಹಂತದಲ್ಲೇ. ಬರ್ ಇರುವ ರಂಧ್ರವನ್ನು ಹೀಗೆ ಹಿಗ್ಗಿಸಿದರೆ ಅಂಚು ಸೀಳಬಹುದು. ವ್ಯಾನ್ಸ್‌ನ ಲೇಸರ್ ರಂಧ್ರಗಳ ಬಿರುಕು ಬಯಲಾದದ್ದೂ ಡಿಂಪಲ್ ಒತ್ತಿದಾಗಲೇ.

ಉಜ್ಜುವುದು ಎಷ್ಟು, ಯಾವುದರಲ್ಲಿ

ಹೊಸ ಆಲ್‌ಕ್ಲಾಡ್ ಕನ್ನಡಿಯಂತೆ ಹೊಳೆಯುತ್ತದೆ. ಆ ಹೊಳಪು ಪ್ರೈಮರ್‌ಗೆ ಆಗಿಬರುವುದಿಲ್ಲ. ಬಣ್ಣ ಕಚ್ಚಿಕೊಳ್ಳಲು ಸೂಕ್ಷ್ಮವಾದ ತರಿ ಬೇಕು. ಇದಕ್ಕೆ ರೂಢಿಯಲ್ಲಿರುವುದು ಮರೂನ್ ಬಣ್ಣದ ಸ್ಕಾಚ್-ಬ್ರೈಟ್ ಪ್ಯಾಡ್. ಒದ್ದೆ ಮಾಡಿಕೊಂಡು, ಸ್ವಲ್ಪ ಸೋಪಿನ ನೀರಿನೊಂದಿಗೆ, ಹೊಳಪು ಹೋಗಿ ಮಂಕಾದ ಸ್ಯಾಟಿನ್ ಮೈ ಬರುವವರೆಗೆ ಉಜ್ಜಿದರೆ ಮುಗಿಯಿತು. ಒದ್ದೆ ಉಜ್ಜಿದರೆ ಧೂಳೂ ಏಳುವುದಿಲ್ಲ. ಕವಚ ಕೇವಲ 32 ಮೈಕ್ರಾನ್ ಎಂಬುದು ನೆನಪಿದ್ದರೆ ಕೈ ತಾನಾಗಿಯೇ ಹಗುರಾಗುತ್ತದೆ. ಮೂಲೆ, ಮಡಿಕೆಗಳಲ್ಲಿ ಪ್ಯಾಡ್ ಸುಲಭಕ್ಕೆ ಇಳಿಯುವುದಿಲ್ಲ. ಪ್ರೈಮರ್ ಮೊದಲು ಎದ್ದುಬರುವುದೂ ಅಂಥ ಜಾಗಗಳಲ್ಲೇ.

ಸ್ಟೀಲ್ ವುಲ್, ಉಕ್ಕಿನ ತಂತಿಯ ಬ್ರಷ್ ಎರಡೂ ಇಲ್ಲಿ ನಿಷಿದ್ಧ. ಉಕ್ಕಿನ ಕಣಗಳು ಮೆದು ಅಲ್ಯೂಮಿನಿಯಂನಲ್ಲಿ ನಾಟಿ ಕೂರುತ್ತವೆ. ತೇವ ಬಂದಾಗ ಪ್ರತಿ ಕಣವೂ ಹೊಸ ಸವಕಳಿಯ ಬೀಜ. ನೆನ್ನೆ ಉಕ್ಕು ಉಜ್ಜಿದ ಪ್ಯಾಡನ್ನೇ ಇಂದು ಅಲ್ಯೂಮಿನಿಯಂಗೆ ಹಚ್ಚಿದರೂ ಅಷ್ಟೆ.

ಎರಡು ಬಟ್ಟೆ, ಒಂದು ಪರೀಕ್ಷೆ

ಕಣ್ಣಿಗೆ ಕಾಣುವುದೆಲ್ಲ ಹೋದ ಮೇಲೆ ಉಳಿಯುವುದು ಕಾಣದ್ದು: ರೋಲಿಂಗ್ ಮಿಲ್ಲಿನ ಎಣ್ಣೆ, ನೀಲಿ ಹಾಳೆಯ ಅಂಟು, ಕೊರೆಯುವಾಗ ಹಾಕಿದ ಲೂಬ್ರಿಕೆಂಟ್, ಬೆರಳಿನ ಜಿಡ್ಡು. ಎಲ್ಲಕ್ಕಿಂತ ಕೆಟ್ಟದ್ದು ಸಿಲಿಕೋನ್. ಅದರ ಲವಲೇಶ ಉಳಿದರೂ ಪ್ರೈಮರ್ ಅಲ್ಲಿಂದ ಸರಿದು ಮೀನಿನ ಕಣ್ಣಿನಂಥ ಗುಂಡು ಕಲೆಗಳಾಗುತ್ತವೆ. ಮೈ ಕೈಗೆ ಹಚ್ಚುವ ಲೋಷನ್ನಿನಲ್ಲಿ, ಟಯರಿಗೆ ಹೊಡೆಯುವ ಪಾಲಿಶ್‌ನಲ್ಲಿ ಅದು ಇರುತ್ತದೆ.

ಅಸಿಟೋನ್, ಎಂಇಕೆ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಯಾವುದನ್ನೇ ಬಳಸಿದರೂ ಒರೆಸುವ ರೀತಿ ಮುಖ್ಯ. ದ್ರಾವಕ ಜಿಡ್ಡನ್ನು ಮಾಯ ಮಾಡುವುದಿಲ್ಲ, ಕರಗಿಸುತ್ತದೆ ಅಷ್ಟೆ. ಒರೆಸಿ ಹಾಗೇ ಬಿಟ್ಟರೆ ದ್ರಾವಕ ಆರುತ್ತದೆ, ಜಿಡ್ಡು ಇಡೀ ತಗಡಿಗೆ ತೆಳುವಾಗಿ ಹರಡಿಕೊಂಡು ಉಳಿಯುತ್ತದೆ. ಆದ್ದರಿಂದ ಎರಡು ಬಟ್ಟೆ ಬೇಕು. ಒಂದು ಕೈಯಲ್ಲಿ ದ್ರಾವಕ ಹಾಕಿದ್ದು, ಇನ್ನೊಂದರಲ್ಲಿ ಒಣಗಿದ್ದು. ಮೊದಲನೆಯದು ಒದ್ದೆ ಮಾಡಿದ ಜಾಗ ಆರುವ ಮುನ್ನವೇ ಎರಡನೆಯದರಿಂದ ಎತ್ತಿಕೊಳ್ಳಬೇಕು. ಬಟ್ಟೆಯ ಮೈಯನ್ನು ಆಗಾಗ ತಿರುಗಿಸಬೇಕು, ಕಪ್ಪು ಬರುವುದು ನಿಲ್ಲುವವರೆಗೆ ಬದಲಿಸುತ್ತಿರಬೇಕು. ಅಲ್ಲಿಂದ ಮುಂದೆ ಬರಿಗೈ ತಾಗಬಾರದು. ನೈಟ್ರೈಲ್ ಕೈಗವಸು ತೊಟ್ಟೇ ಕೆಲಸ.

ಶುಚಿಯಾಗಿದೆ ಎಂದು ಗೊತ್ತಾಗುವುದು ಹೇಗೆ? ಅದಕ್ಕೆ ದುಡ್ಡಿಲ್ಲದ ಪರೀಕ್ಷೆಯೊಂದಿದೆ. ಭಾಗದ ಮೇಲೆ ಶುದ್ಧ ನೀರು ಸುರಿದು ಓರೆಯಾಗಿ ಹಿಡಿಯಬೇಕು. ಲೋಹ ನಿಜಕ್ಕೂ ಶುಚಿಯಾಗಿದ್ದರೆ ನೀರು ಒಡೆಯದ ಹಾಳೆಯಾಗಿ ಅರ್ಧ ನಿಮಿಷ ನಿಲ್ಲುತ್ತದೆ. ಜಿಡ್ಡು ಉಳಿದಿದ್ದರೆ ಕೆಸುವಿನೆಲೆಯ ಮೇಲೆ ನಿಂತಂತೆ ಹನಿಹನಿಯಾಗಿ ಉರುಳುತ್ತದೆ. ಹನಿ ಕಂಡ ಕಡೆ ಮತ್ತೆ ಮೊದಲಿಂದ ಶುರು. ಬಣ್ಣದ ಕೆಲಸದವರು ಜಗತ್ತಿನಾದ್ಯಂತ ನಂಬುವ ಈ ‘ವಾಟರ್ ಬ್ರೇಕ್’ ಪರೀಕ್ಷೆ ವಿಮಾನ ಕಾರ್ಖಾನೆಗಳಲ್ಲೂ ನಡೆಯುತ್ತದೆ. ಅಭಿಪ್ರಾಯಕ್ಕೆ ಇಲ್ಲಿ ಜಾಗವಿಲ್ಲ. ಶುಚಿ ಸಾಲದೆಂದರೆ ನೀರೇ ಹೇಳಿಬಿಡುತ್ತದೆ.

ಹೊನ್ನಿನ ಬಣ್ಣದ ವಿಷ

ಹೆಚ್ಚಿನ ರಕ್ಷಣೆ ಬಯಸುವವರು ಇಲ್ಲಿಗೆ ನಿಲ್ಲದೆ ರಸಾಯನಕ್ಕೆ ಇಳಿಯುತ್ತಾರೆ. ಮೊದಲು ಫಾಸ್ಫಾರಿಕ್ ಆಮ್ಲದ ತೊಳೆ. ‘ಆಲ್ಯುಮಿಪ್ರೆಪ್’ ಎಂಬ ಹೆಸರಿನಲ್ಲಿ ಬರುವ ಈ ದ್ರಾವಣ ಹಳೆಯ ಆಕ್ಸೈಡ್ ಪದರವನ್ನು ಕರಗಿಸಿ ಮೈಯನ್ನು ಸ್ವಲ್ಪ ಕೊರೆಯುತ್ತದೆ. ಅದು ಒಣಗುವ ಮುನ್ನವೇ ಚೆನ್ನಾಗಿ ತೊಳೆಯಬೇಕು. ಬಳಿಕ ‘ಅಲೋಡೈನ್’. ಕೆಲವು ನಿಮಿಷ ಅದರಲ್ಲಿ ನೆಂದ ಅಲ್ಯೂಮಿನಿಯಂ ತಿಳಿ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಇದು ಮೇಲೆ ಬಳಿದ ಬಣ್ಣವಲ್ಲ. ಲೋಹದ ಮೇಲ್ಮೈಯೇ ಕ್ರೋಮಿಯಂ ಸಂಯುಕ್ತಗಳ ಪದರವಾಗಿ ಮಾರ್ಪಟ್ಟಿರುತ್ತದೆ. ತಾನೂ ಸವಕಳಿಯನ್ನು ತಡೆಯುತ್ತದೆ, ಪ್ರೈಮರ್‌ಗೂ ಹಿಡಿತ ಕೊಡುತ್ತದೆ. ಹಸಿಯಿದ್ದಾಗ ಈ ಪದರ ಮೆತ್ತಗಿರುವುದರಿಂದ ಮುಟ್ಟಬಾರದು. ಹೆಚ್ಚು ಹೊತ್ತು ಮುಳುಗಿಸಿಟ್ಟರೆ ಪುಡಿಪುಡಿಯಾಗಿ, ಅದರ ಮೇಲಿನ ಪ್ರೈಮರ್ ಪುಡಿಯೊಂದಿಗೇ ಉದುರುತ್ತದೆ.

ತೊಂದರೆಯೆಂದರೆ ಸಾಂಪ್ರದಾಯಿಕ ಅಲೋಡೈನ್‌ನ ಗುಟ್ಟು ಆರು ವೇಲೆನ್ಸಿಯ ಕ್ರೋಮಿಯಂ. ಎರಡನೇ ಮಹಾಯುದ್ಧದ ವಿಮಾನಗಳ ಒಳಮೈಗೆ ಆ ಹಳದಿ ಹಸಿರು ಬಣ್ಣ ತಂದ ಜಿಂಕ್ ಕ್ರೋಮೇಟ್ ಪ್ರೈಮರ್‌ನಲ್ಲಿಯೂ ಅದೇ ಇತ್ತು. ಅದರ ಗುಣ ಅಪೂರ್ವ. ಬಣ್ಣಕ್ಕೆ ಗೀರು ಬಿದ್ದರೆ ಕ್ರೋಮೇಟ್ ತೇವದಲ್ಲಿ ಕರಗಿ ಆ ಜಾಗಕ್ಕೆ ಹರಿದು ಸವಕಳಿಯನ್ನು ತಡೆಯುತ್ತದೆ. ಆದರೆ ಉಸಿರಿನ ಮೂಲಕ ಒಳಹೋದರೆ ಅದು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದು ದೃಢಪಟ್ಟಿದೆ. ಅಮೆರಿಕ 2006ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಅದರ ಮಿತಿಯನ್ನು ಘನಮೀಟರಿಗೆ 5 ಮೈಕ್ರೊಗ್ರಾಂಗೆ ಇಳಿಸಿತು. ಐರೋಪ್ಯ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ ನಂತರ ವಿಶೇಷ ಅನುಮತಿಯಿಲ್ಲದೆ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ.

ಮನೆಯ ಗ್ಯಾರೇಜು ಕಾರ್ಖಾನೆಯಲ್ಲ. ಅಲೋಡೈನ್ ತೊಳೆದ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಅದರಲ್ಲಿ ಅದ್ದಿದ ಬಟ್ಟೆ ಹಾಗೇ ಒಣಗಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಹೀಗಾಗಿ ಮೂರು ವೇಲೆನ್ಸಿಯ ಕ್ರೋಮಿಯಂ ಬಳಸುವ ಹೊಸ ದ್ರಾವಣಗಳು, ಕ್ರೋಮೇಟ್ ಇಲ್ಲದ ಎಪಾಕ್ಸಿಗಳು ಬಂದಿವೆ. ಹಲವರು ರಸಾಯನದ ಹಂತವನ್ನೇ ಬಿಟ್ಟು, ತನ್ನೊಳಗೇ ಸ್ವಲ್ಪ ಆಮ್ಲವಿರುವ ಸೆಲ್ಫ್ ಎಚಿಂಗ್ ಪ್ರೈಮರ್ ಹೊಡೆಯುತ್ತಾರೆ. ಅದು ಲೋಹವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಒಂಟಿಯಾಗಿ ಬಿಟ್ಟರೆ ಎಪಾಕ್ಸಿಯಷ್ಟು ತೇವ ತಡೆಯುವುದಿಲ್ಲ. ಎಪಾಕ್ಸಿ ಎರಡು ಡಬ್ಬಿಯ ಸರಕು. ಬೆರೆಸಿದ ಮೇಲೆ ಗಡಿಯಾರ ಓಡತೊಡಗುತ್ತದೆ. ಆದ್ದರಿಂದಲೇ ಅನುಭವಿಗಳು ಭಾಗಗಳನ್ನು ರಾಶಿ ಹಾಕಿ ಒಟ್ಟಿಗೇ ಸಿದ್ಧಪಡಿಸುತ್ತಾರೆ.

ಕೊನೆಯ ಶತ್ರು ತೇವ

ಸಿದ್ಧವಾದ ಲೋಹ ಕಾಯುವುದಿಲ್ಲ. ಹೊತ್ತು ಕಳೆದಂತೆ ಹೊಸ ಆಕ್ಸೈಡ್ ಬೆಳೆಯುತ್ತದೆ, ಧೂಳು ಕೂರುತ್ತದೆ. ಉಜ್ಜಿ ಒರೆಸಿದ ದಿನವೇ ಪ್ರೈಮರ್ ಹೊಡೆಯುವುದು ಒಳ್ಳೆಯದು. ಕಂಪ್ರೆಸರಿನ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ. ಫಿಲ್ಟರ್ ಇಲ್ಲದ ಗಾಳಿಯಿಂದ ಭಾಗಗಳನ್ನು ಊದಿ ಒಣಗಿಸಿದರೆ ಅಷ್ಟು ಹೊತ್ತು ತೆಗೆದ ಜಿಡ್ಡನ್ನು ಮತ್ತೆ ಬಳಿದಂತಾಗುತ್ತದೆ. ಲೋಹದ ತಾಪಮಾನ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು ಎಂಬುದು ಬಣ್ಣದವರ ಸಾಮಾನ್ಯ ನಿಯಮ. ಇಲ್ಲದಿದ್ದರೆ ಕಣ್ಣಿಗೆ ಕಾಣದ ತೇವದ ಪದರದ ಮೇಲೆ ಬಣ್ಣ ಕೂರುತ್ತದೆ.

ಪ್ರೈಮರ್ ದಪ್ಪಗಿದ್ದಷ್ಟೂ ಒಳ್ಳೆಯದೆಂಬುದು ಭ್ರಮೆ. ಅಮೆರಿಕದ ಸೇನಾ ಮಾನದಂಡಗಳಲ್ಲಿ ವಿಮಾನದ ಎಪಾಕ್ಸಿ ಪ್ರೈಮರ್‌ಗೆ ಹೇಳುವ ದಪ್ಪ ಸುಮಾರು 15ರಿಂದ 23 ಮೈಕ್ರಾನ್ ಅಷ್ಟೆ. ದಪ್ಪ ಬಳಿದರೆ ತೂಕ ಏರುತ್ತದೆ, ಮೇಲುಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಬಳುಕಿದಾಗ ಸಿಡಿಯುತ್ತದೆ. ಹೊಡೆಯುವಾಗ ತಕ್ಕ ಮಾಸ್ಕ್, ಕನ್ನಡಕ, ಗಾಳಿಯಾಡುವ ಜಾಗ ಇರಲೇಬೇಕು.

ಅಲೋಹಾ ಕಲಿಸಿದ್ದು

ಮೇಲ್ಮೈ ಸಿದ್ಧತೆ ಕೆಟ್ಟರೆ ಏನಾದೀತು ಎನ್ನುವುದಕ್ಕೆ ವಿಮಾನಯಾನದ ಇತಿಹಾಸದಲ್ಲಿ ಘೋರ ಉದಾಹರಣೆಯೊಂದಿದೆ. 1988ರ ಏಪ್ರಿಲ್ 28ರಂದು ಹವಾಯಿಯ ಹಿಲೋದಿಂದ ಹೊನೊಲುಲುಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಚಾವಣಿ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಸುಮಾರು 18 ಅಡಿ ಉದ್ದದ ಹೊದಿಕೆ ಹಾರಿಹೋಗಿ, ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಉಳಿದವರೊಂದಿಗೆ ಪೈಲಟ್‌ಗಳು ವಿಮಾನವನ್ನು ಮಾವಿ ದ್ವೀಪದಲ್ಲಿ ಇಳಿಸಿದ್ದು ಪವಾಡವೇ ಸರಿ.

ಆ ವಿಮಾನ ಅಷ್ಟರಲ್ಲಿ 89,680 ಬಾರಿ ಹಾರಿ ಇಳಿದಿತ್ತು, ಅದೂ ಉಪ್ಪುಗಾಳಿಯ ದ್ವೀಪಗಳ ನಡುವೆ. ತನಿಖೆ ಬೊಟ್ಟುಮಾಡಿದ್ದು ತಗಡಿನ ಮೇಲೆ ತಗಡು ಕೂರುವ ಜೋಡಣೆಗಳತ್ತ. ಅಲ್ಲಿ ರಿವೆಟ್ ಜೊತೆಗೆ ಎಪಾಕ್ಸಿ ಅಂಟಿನ ಬಟ್ಟೆಯೂ ಭಾರ ಹೊರಬೇಕಿತ್ತು. ಶೈತ್ಯಾಗಾರದಿಂದ ಹೊರತೆಗೆದ ಆ ಬಟ್ಟೆಯ ಮೇಲೆ ತೇವ ಕಟ್ಟಿದ್ದರೆ, ಇಲ್ಲವೇ ಲೋಹದ ಮೈ ಸರಿಯಾಗಿ ಸಿದ್ಧವಾಗಿರದಿದ್ದರೆ ಅಂಟು ಬಹುಕಾಲ ಬಾಳುತ್ತಿರಲಿಲ್ಲ. ಅಂಟು ಬಿಟ್ಟ ಸಂದಿಗೆ ತೇವ ಇಳಿದು ಸವಕಳಿ ಹಬ್ಬಿತು. ಭಾರವೆಲ್ಲ ರಿವೆಟ್‌ಗಳ ಮೇಲೆ ಬಿತ್ತು. ಸುಮಾರು 0.9 ಮಿಲಿಮೀಟರ್ ತಗಡಿನಲ್ಲಿ ರಿವೆಟ್ ತಲೆಗಾಗಿ ಕೊರೆದ ರಂಧ್ರಗಳ ಅಂಚು ಕತ್ತಿಯಲಗಿನಂತೆ ತೆಳುವಾಗಿತ್ತು. ಬಿರುಕು ಶುರುವಾದದ್ದು ಅಲ್ಲಿಂದ.

ಇಬ್ಬರು ಕೂರುವ ಕಿಟ್ ವಿಮಾನದಲ್ಲಿ ಅಂಥ ಗಾಳಿಯ ಒತ್ತಡವಿಲ್ಲ, ಅಷ್ಟು ಸಾವಿರ ಹಾರಾಟಗಳೂ ಇಲ್ಲ. ಆದರೂ ಕಾಯಿಲೆಯ ಎರಡು ಬೇರುಗಳು ಅವೇ: ಸಿದ್ಧವಾಗದ ಮೇಲ್ಮೈ, ಹದ ತಪ್ಪಿದ ಅಂಚು. ಅಲೋಹಾ ವಿಮಾನದಲ್ಲಿ ಎರಡೂ ಜೋಡಣೆಯ ಒಳಗೆ ಮುಚ್ಚಿಹೋಗಿದ್ದವು.

ಕಿಟ್ ಕಟ್ಟುವವರು ತೀರ್ಮಾನ ತೆಗೆದುಕೊಳ್ಳಬೇಕಾದದ್ದೂ ಈ ಮುಚ್ಚಿಹೋಗುವ ಸಂಗತಿಯನ್ನು ಲೆಕ್ಕಕ್ಕಿಟ್ಟುಕೊಂಡೇ. ಜಿಡ್ಡಿನ ಮೇಲೆ ಹೊಡೆದ ಪ್ರೈಮರ್ ಕೆಲವು ವರ್ಷ ಚೆಂದವಾಗಿಯೇ ಕಾಣುತ್ತದೆ. ಆಮೇಲೆ ಅಡಿಯಲ್ಲಿ ಎಲ್ಲೋ ಬಿಟ್ಟುಕೊಂಡು, ಆ ಪೊಳ್ಳಿನಲ್ಲಿ ತೇವ ಹಿಡಿದಿಟ್ಟು, ಸವಕಳಿಯನ್ನು ಸಾಕುತ್ತಲೇ ಅದನ್ನು ಮರೆಮಾಚುತ್ತದೆ. ಬರಿಯ ಆಲ್‌ಕ್ಲಾಡ್ ಮೇಲೆ ಬಿಳಿ ಪುಡಿ ಕಂಡರೆ ಕಂಡಿತು. ಅದು ಸುಳ್ಳು ಹೇಳುವುದಿಲ್ಲ. ಅಮೆರಿಕದಲ್ಲಿ ತಾನೇ ಕಟ್ಟಿದ ವಿಮಾನಕ್ಕೆ ರಿಪೇರಿಮ್ಯಾನ್ ಪ್ರಮಾಣಪತ್ರ ಪಡೆದವರು ಪ್ರತಿವರ್ಷದ ತಪಾಸಣೆಯನ್ನೂ ತಾವೇ ಮಾಡಬಹುದು. ಮುಚ್ಚಿದವರೇ ತೆರೆದು ನೋಡಬೇಕಾದವರು. ಆದ್ದರಿಂದ ಸಲಹೆ ಇಷ್ಟೆ: ಇಡೀ ಸಿದ್ಧತೆಗೆ ಪುರುಸೊತ್ತು, ತಾಳ್ಮೆ ಇದ್ದರೆ ಪ್ರೈಮರ್ ಹೊಡೆಯಿರಿ. ಅರ್ಧ ಸಿದ್ಧತೆಗೆ ಮಾತ್ರ ಸಮಯವಿದ್ದರೆ ಬೇರೆ ದಿನ ನೋಡಿ, ಇಲ್ಲವೇ ಆಲ್‌ಕ್ಲಾಡ್ ಭಾಗಗಳನ್ನು ಶುಚಿಮಾಡಿ ಹಾಗೆಯೇ ಬಿಡಿ. ಅದು ಕಾಯುವ ಕೆಲಸವನ್ನು ಕಾರ್ಖಾನೆಯಿಂದಲೇ ಕಲಿತು ಬಂದಿರುತ್ತದೆ.